ಸಹಿ ಅಕ್ಕ ಓದದೇ ಉಳಿಸಿಕೊಂಡ ಕವಿತೆ

ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಮೇಜಿನ ಹಿಂದೆ ಕೂರುವ ಹೆಂಗಸನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಸಣ್ಣವರು, ದೊಡ್ಡವರು, ಅವಳಿಗಿಂತ ಹತ್ತು ವರ್ಷ ಹಿರಿಯರಾದ ನಿವೃತ್ತ ಗುಮಾಸ್ತರು ಕೂಡ ಸಹಿ ಅಕ್ಕ ಎಂದೇ ಕರೆಯುತ್ತಾರೆ. ಒಮ್ಮೆ ಅವಳ ಗಂಡನೇ ಲೈಬ್ರರಿಗೆ ಫೋನ್ ಮಾಡಿ, "ಸಹಿ ಅಕ್ಕ ಇದಾರಾ?" ಅಂದುಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದ. ಅದನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ, "ತಮ್ಮಾ, ಸ್ವಲ್ಪ ಸುಮ್ನಿರಪ್ಪ" ಅನ್ನುತ್ತಾಳೆ. ಜಗಳ ಅಲ್ಲಿಗೆ ಮುಗಿಯುತ್ತದೆ.

ಈ ಹೆಸರು ಅಂಟಿಕೊಂಡಿದ್ದು ಕವಿತೆಯಿಂದ. ಹಾಗಂತ ಅವಳೇನು ಕವಿಯಲ್ಲ. ಇಡೀ ಜನ್ಮದಲ್ಲಿ ಬರೆದದ್ದು ಒಂದೇ ಒಂದು ಕವಿತೆ, ಅದೂ ಹದಿನಾರರ ವಯಸ್ಸಿನಲ್ಲಿ. ಅದರ ಕಥೆಗೆ ಬರುವ ಮೊದಲು ಡ್ರಿಲ್ ಮೇಷ್ಟ್ರ ವಿಷಯ ಹೇಳಬೇಕು, ಯಾಕೆಂದರೆ ಎಲ್ಲದಕ್ಕೂ ಕಾರಣ ಆ ಪುಣ್ಯಾತ್ಮರೇ.

ಡ್ರಿಲ್ ಮೇಷ್ಟ್ರಿಗೆ ಕವಿತೆಯ ಗಂಧಗಾಳಿಯೂ ಇರಲಿಲ್ಲ. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಮೂಗಿನ ತುದಿಯಲ್ಲಿ ಸಿಟ್ಟು. ಒಂದು ವರ್ಷ ಶಾಲೆಯಲ್ಲಿ ಕವಿತೆ ಸ್ಪರ್ಧೆ ಇದ್ದ ದಿನ ಭಾಷೆಯ ಮೇಷ್ಟ್ರು ಜ್ವರ ಬಂದು ಮಲಗಿದರು. ತೀರ್ಪು ಕೊಡಲು ಯಾರೂ ಸಿಗದೆ ಇವರನ್ನು ಹಿಡಿದು ಕೂರಿಸಿದರು. ಮೇಷ್ಟ್ರು ಒಂದು ಮಧ್ಯಾಹ್ನವಿಡೀ ಕೂತು ನಲವತ್ತು ಕವಿತೆ ಕೇಳಿದರು. ಇಪ್ಪತ್ತಾರು ಚಂದ್ರನ ಮೇಲೆ. ಉಳಿದವು ಹೆಚ್ಚುಕಡಿಮೆ ತಾಯಿಯ ಮೇಲೆ, ಆದರೆ ಯಾವುದರಲ್ಲೂ ಯಾರ ತಾಯಿಯೂ ಇರಲಿಲ್ಲ. ಕೊನೆಗೆ ಎದ್ದು ನಿಂತು ಸೀಟಿ ಊದಿದರು.

"ಚಂದ್ರನ ಬಗ್ಗೆ ಬರೀತೀರಾ? ಬರೀರಿ. ಚಂದ್ರನ ಹತ್ರ ಸಹಿ ಹಾಕಿಸ್ಕೊಂಡು ಬನ್ನಿ!"

ಸಿಟ್ಟಿನಲ್ಲಿ ಆಡಿದ ಮಾತು. ಮನೆಗೆ ಹೋಗಿ ಯೋಚಿಸಿದಾಗ ಅವರಿಗೇ ಅದು ಸರಿ ಅನ್ನಿಸಿತು. ಮುಂದಿನ ವರ್ಷ ಸುತ್ತಲ ಹನ್ನೊಂದು ಊರುಗಳ ಹೈಸ್ಕೂಲು ಮಕ್ಕಳನ್ನೆಲ್ಲ ಸೇರಿಸಿ ತಾವೇ ಒಂದು ಸ್ಪರ್ಧೆ ಶುರು ಮಾಡಿದರು. ನಿಯಮಗಳೆಲ್ಲ ಅವರ ಆಟದ ಮೈದಾನದ ನಿಯಮಗಳಷ್ಟೇ ಖಡಕ್ಕು. ಕವಿತೆ ನಿನ್ನ ಬೀದಿಯಲ್ಲಿರುವ, ಉಸಿರಾಡುವ ಒಬ್ಬ ಮನುಷ್ಯನ ಮೇಲೆ ಇರಬೇಕು. ವೇದಿಕೆ ಹತ್ತುವ ಮೊದಲು ಆ ಮನುಷ್ಯನ ಎದುರು ಕೂತು ಓದಿ ಹೇಳಬೇಕು. ಕೇಳಿದವರು ಕಾಗದದ ಕೆಳಗೆ 'ಕೇಳಿದೆ' ಎಂದು ಬರೆದು ಸಹಿ ಹಾಕಬೇಕು. ಇನ್ನು ಗೆದ್ದವರ ಪಾಡು ಬೇರೆ. ಅವರು ಮುಂದಿನ ವರ್ಷ ಸ್ಪರ್ಧಿಸುವ ಹಾಗಿಲ್ಲ, ಸ್ಪರ್ಧೆಯನ್ನು ನಡೆಸಬೇಕು. ಐದಾರು ಸ್ನೇಹಿತರನ್ನು ಕಟ್ಟಿಕೊಂಡು ಹನ್ನೊಂದು ಊರು ಸುತ್ತಬೇಕು, ಹಿಂಜರಿಯುವ ಮಕ್ಕಳನ್ನು ಒಪ್ಪಿಸಬೇಕು, ಕುರ್ಚಿ ಹಾಕಬೇಕು, ಮೈಕು ಕಟ್ಟಿಸಬೇಕು. ಇದರ ಜೊತೆಗೆ, ಗೆದ್ದ ಕವಿತೆಯಲ್ಲಿ ಬಂದ ಮನುಷ್ಯನಿಗೆ ಏನು ಕೊರತೆ ಕಂಡಿತೋ ಅದಕ್ಕೆ ಆ ಬೀದಿಯಲ್ಲಿ ಒಂದು ಕೆಲಸ ಮಾಡಿ ತೋರಿಸಬೇಕು.

"ದೊಡ್ಡೋರು ಬಿಸ್ಕತ್ತು ತಂದ್ರೆ ಸಾಕು. ಬೇರೆ ಯಾವುದಕ್ಕೂ ಕೈ ಹಾಕೋದು ಬೇಡ," ಅಂದರು ಮೇಷ್ಟ್ರು.

ಹೀಗೆ ಶುರುವಾದದ್ದು ಏನೇನೋ ಮಾಡಿಸಿತು. ಪಂಪ್‌ಹೌಸ್ ಕಾವಲುಗಾರ ಬಿಸಿಲಲ್ಲಿ ನಿಲ್ಲುವುದನ್ನು ಒಬ್ಬ ಹುಡುಗ ಬರೆದ. ಮುಂದಿನ ವರ್ಷ ಅವನೂ ಅವನ ಸ್ನೇಹಿತರೂ ತಗಡು ಹೊತ್ತು ತಂದು ಅಲ್ಲೊಂದು ನೆರಳು ಮಾಡಿದರು. ಕಾಗದ ಹಾಕಲು ಮೈಲಿ ನಡೆಯುವ ಪಕ್ಕದ ಮನೆ ಅಜ್ಜಿಯ ಮೇಲೆ ಒಬ್ಬಳು ಬರೆದಳು. ಅಂಚೆ ಡಬ್ಬಿ ಅಜ್ಜಿಯ ಬೀದಿಗೆ ಬರಲಿ ಎಂದು ಹದಿನೇಳು ಅರ್ಜಿ ಹಾಕಿದಳು. ಆ ಅರ್ಜಿಗಳನ್ನು ಹಾಕಲೂ ಮೈಲಿ ನಡೆಯಬೇಕಾಗಿ ಬಂತು ಎನ್ನುವುದು ಬೇರೆ ಮಾತು. ಸ್ಪರ್ಧೆ ನಡೆಯುತ್ತಿದ್ದ ಶಾಲೆಯ ಹಾಲ್‌ನ ವಾಸನೆಯೇ ಸಹಿ ಅಕ್ಕನ ಮೂಗಿನಲ್ಲಿ ಇನ್ನೂ ಇದೆ: ಒರೆಸಿದ ನೆಲ, ಸೀಮೆಸುಣ್ಣ, ಒದ್ದೆ ಬೂಟು. ತಗಡಿನ ಕುರ್ಚಿಗಳ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು. ಮುಟ್ಟಿದರೆ ಜುಂ ಅನ್ನುವ ಮೈಕು. ಅದಕ್ಕೆ ಒಂದು ಕರವಸ್ತ್ರ ಸುತ್ತಿರುತ್ತಿತ್ತು, ಹನ್ನೊಂದು ಊರಿನ ಮಕ್ಕಳ ಬೆವರೂ ಆ ಒಂದು ಕರವಸ್ತ್ರದಲ್ಲಿ. ಓದುವ ಸಮಯ ಮುಗಿದರೆ ಗಂಟೆ ಇಲ್ಲ, ಮೇಷ್ಟ್ರ ಸೀಟಿ. ಎಷ್ಟು ಚೆಂದದ ಸಾಲಾದರೂ ಸೀಟಿಗೆ ಕರುಣೆ ಇರಲಿಲ್ಲ. ಈಗ ಒಳ್ಳೆಯ ಮೈಕು ಬಂದಿದೆ, ಮೆತ್ತನೆ ಕುರ್ಚಿ ಬಂದಿದೆ. ಅವಳಿಗೆ ಮಾತ್ರ ಆ ತಗಡಿನ ಸದ್ದು ಬೇಕು ಅನ್ನಿಸುತ್ತದೆ.

ಮೊಟ್ಟಮೊದಲ ವರ್ಷ ಗೆದ್ದವಳು ಅವಳೇ. ಮರುವರ್ಷ ಸ್ಪರ್ಧೆ ನಡೆಸಿದ ಮೇಲೆ ಎಲ್ಲರ ಹಾಗೆ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಇಪ್ಪತ್ತೆರಡಕ್ಕೆ ಲೈಬ್ರರಿಯಲ್ಲಿ ಕೆಲಸ ಸಿಕ್ಕಿದಾಗ ಕವಿತೆಗಳ ಕಟ್ಟೂ ಅವಳ ಮೇಜಿಗೆ ಬಂತು. ಸಹಿ ನೋಡುವ ಕೆಲಸ ಅವಳದ್ದಾಯಿತು.

ಅವಳು ಸಹಿ ನೋಡುವ ರೀತಿಯೇ ಬೇರೆ. ಕಾಗದದ ಮೇಲೆ ಹೆಚ್ಚು ಹೊತ್ತು ಕಣ್ಣಾಡಿಸುವುದಿಲ್ಲ. ಮಗುವನ್ನು ಎದುರು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳುತ್ತಾಳೆ. ಎಲ್ಲಿ ಕೂತು ಓದಿದೆ? ಆಗ ಅವರ ಕೈಲಿ ಏನಿತ್ತು? ಕೇಳಿ ಏನಂದ್ರು? ನಿಜವಾಗಿ ಓದಿದ ಮಕ್ಕಳು ಪಟಪಟ ಹೇಳುತ್ತವೆ: ಮೆಟ್ಟಿಲ ಮೇಲೆ, ಸೌತೆಕಾಯಿ ಇತ್ತು, "ನಾನು ಹಾಗೆಲ್ಲ ಬಯ್ಯಲ್ಲಪ್ಪ" ಅಂದ್ರು. ಓದದವರು ಫ್ಯಾನು ನೋಡುತ್ತಾರೆ. ಮೂವತ್ತು ವರ್ಷದಲ್ಲಿ ಹದಿನಾಲ್ಕು ಮಕ್ಕಳನ್ನು ಅವಳು ವಾಪಸು ಕಳಿಸಿದ್ದಾಳೆ. ಬಯ್ದಲ್ಲ, ಬೆನ್ನು ತಟ್ಟಿ. "ಹೋಗಿ ಓದಿ ಬಾ ಮರಿ. ಅವರ ಬಗ್ಗೆ ಹಾಲ್ ತುಂಬ ಜನ ಕೇಳೋ ಮೊದ್ಲು ಅವರು ಕೇಳ್ಬೇಕಲ್ವಾ?"

ಇಷ್ಟು ಕಟ್ಟುನಿಟ್ಟಿನ ಸಹಿ ಅಕ್ಕನ ಗುಟ್ಟು ಒಂದಿದೆ. ಈ ಸ್ಪರ್ಧೆಯ ಮೊದಲ ಸುಳ್ಳು ಸಹಿ ಅವಳದೇ. ಯಾರ ಮೇಲೆ ಬರೆದು ಗೆದ್ದಳೋ ಅವರಿಗೆ ಆ ಕವಿತೆಯನ್ನು ಮೂವತ್ತಾರು ವರ್ಷವಾದರೂ ಅವಳು ಓದಿ ಹೇಳಿರಲಿಲ್ಲ.

ಅದು ಅವಳ ಅಪ್ಪನ ಮೇಲಿನ ಕವಿತೆ.

ಅಪ್ಪನದು ಬೀಗದಂಗಡಿ. ಮನೆಯ ಮುಂಭಾಗವೇ ಅಂಗಡಿ. ಮೂರು ಜನ ನಿಂತರೆ ನಾಲ್ಕನೆಯವನು ಬೀದಿಯಲ್ಲಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಹಲ್ಲು ಕೊರೆಯದ ಕೀಲಿಗಳು. ಅಪ್ಪ ಕೆಟ್ಟ ಬೀಗವನ್ನು ಮೊದಲು ನೋಡುವುದಿಲ್ಲ, ಕೇಳುತ್ತಾನೆ. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ತಲೆ ಒಂಚೂರು ವಾಲಿಸಿ, ತಂತಿ ಹಾಕಿ ಮೆಲ್ಲಗೆ ಆಡಿಸುತ್ತಾನೆ. ಒಳಗೆ ಎಲ್ಲಿ ಏನು ಸಿಕ್ಕಿಕೊಂಡಿದೆ ಎಂದು ಸದ್ದಿನಲ್ಲೇ ತಿಳಿಯುತ್ತದೆ. ಆಮೇಲೆ ಅರ ತೆಗೆದುಕೊಂಡು ಉಜ್ಜಲು ಕೂರುತ್ತಾನೆ.

ಬೀಗಗಳ ವಿಷಯದಲ್ಲಿ ಇಷ್ಟು ನಿಪುಣನಾದ ಅಪ್ಪನಿಗೆ ಮಾತು ಮಾತ್ರ ಸಲೀಸಾಗಿ ಬರುತ್ತಿರಲಿಲ್ಲ. ಉಗ್ಗು. ಮೊದಲ ಅಕ್ಷರದಲ್ಲೇ ನಿಂತುಬಿಡುತ್ತಿತ್ತು. ಗಂಟಲ ನರ ಉಬ್ಬುತ್ತಿತ್ತು, ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಮಾತು ಹೊರಗೆ ಬರಲು ತನ್ನದೇ ಸಮಯ ತೆಗೆದುಕೊಳ್ಳುತ್ತಿತ್ತು. ಅಷ್ಟು ಸಮಯ ಯಾರಿಗಿದೆ? "ನಾ... ನಾ..." ಅಂದರೆ ಗಿರಾಕಿ "ನಾಳೆ ಬರ್ಲಾ? ಆಯ್ತು" ಎಂದು ಹೊರಟೇ ಹೋಗುತ್ತಿದ್ದ. ಅಪ್ಪ ಹೇಳಲು ಹೊರಟಿದ್ದು ನಾಲ್ಕು ನಿಮಿಷ ನಿಲ್ಲಿ, ಈಗಲೇ ಕೊಡ್ತೀನಿ ಅಂತ. ಆದರೂ ಹೂಂ ಎಂದು ತಲೆ ಆಡಿಸುತ್ತಿದ್ದ. ತಪ್ಪು ತಿದ್ದಲು ಹೋದರೆ ಅದಕ್ಕೆ ಇನ್ನೊಂದು ಮಾತು ಬೇಕು, ಆ ಮಾತಿಗೂ ಇದೇ ಗತಿ. ಮನೆಯಲ್ಲಿ ಅಮ್ಮನೇ ಅಪ್ಪನ ಬಾಯಿ. ಪ್ರೀತಿಯ ಹೆಂಗಸು, ಆದರೆ ಕೈಲಿ ಸಾವಿರ ಕೆಲಸ. ಅಪ್ಪ "ಸಾ..." ಅನ್ನುವಷ್ಟರಲ್ಲಿ ಸಾರು ತಟ್ಟೆಗೆ ಬಿದ್ದಿರುತ್ತಿತ್ತು. ಸಾಕು ಅನ್ನಬೇಕಿತ್ತೋ ಏನೋ, ಅಪ್ಪ ಸುಮ್ಮನೆ ಉಣ್ಣುತ್ತಿದ್ದ.

ಹುಡುಗಿ ಬರೆದದ್ದು ಇದನ್ನೇ. ಎರಡು ಹಾಳೆಯ ಕವಿತೆ. ಅದರ ನಡುವೆ ಈ ಸಾಲುಗಳು:

ಅಪ್ಪ ಒಂದು ಮಾತು ಶುರು ಮಾಡುತ್ತಾನೆ,
ಊರೆಲ್ಲ ಸೇರಿ ಅದನ್ನು ಮುಗಿಸುತ್ತದೆ.
ಅಪ್ಪ ಹೇಳಹೊರಟಿದ್ದು ಅದಲ್ಲ,
ಆದರೂ ಹೂಂ ಅನ್ನುತ್ತಾನೆ.
ನಾನೂ ಮುಗಿಸಿದ್ದೇನೆ ಎಷ್ಟೋ ಸಲ.
ಅಪ್ಪನ ಮಾತೆಂದು ನಾನು ಬಲ್ಲುದೆಲ್ಲ
ನನ್ನ ಮಾತೇ ಇರಬೇಕು.

ಹದಿನಾರರ ಹುಡುಗಿ, ಬೀಗದಂಗಡಿಯವನ ಮಗಳು; ಕವಿತೆಯಲ್ಲಿ ಬೀಗದ ಹೋಲಿಕೆ ತರದೆ ಬಿಟ್ಟಾಳೆಯೇ? ಅದೂ ಇತ್ತು, ನಾಲ್ಕು ಕಡೆ. ಅವನ್ನೆಲ್ಲ ಇಲ್ಲಿ ಹೇಳುವುದು ಬೇಡ.

ಬರೆದಾಗ ಧೈರ್ಯವಿತ್ತು. ಓದಿ ಹೇಳಬೇಕು ಅಂದಾಗ ಅದು ಉಳಿಯಲಿಲ್ಲ. ಅಪ್ಪನ ಉಗ್ಗಿನ ಬಗ್ಗೆ ಆ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಿದ್ದಿಲ್ಲ. ಮೂರು ದಿನ ಕಾಗದ ಹಿಡಿದು ಅಂಗಡಿಗೆ ಹೋದಳು. ಮೊದಲ ದಿನ ಗಿರಾಕಿ ಇದ್ದರು. ಎರಡನೇ ದಿನ ಯಾರೂ ಇರಲಿಲ್ಲ, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಮೂರನೇ ದಿನ ಅಪ್ಪ ಅವಳ ಕೈಲಿದ್ದ ಕಾಗದ ನೋಡಿ, "ಏ... ಏ..." ಅಂದ. "ಏನಿಲ್ಲಪ್ಪ," ಎಂದು ಅವಳೇ ಮುಗಿಸಿ ಒಳಗೆ ಓಡಿದಳು. ಆ ಸಂಜೆ ಭೂಗೋಳದ ನೋಟ್‌ಬುಕ್ಕಿನ ಹಿಂದೆ, ಪ್ರೋಗ್ರೆಸ್ ಕಾರ್ಡಿನಲ್ಲಿದ್ದ ಅಪ್ಪನ ಸಹಿ ನೋಡಿಕೊಂಡು ಇಪ್ಪತ್ತು ಸಲ ಅಭ್ಯಾಸ ಮಾಡಿದಳು. ಇಪ್ಪತ್ತೊಂದನೆಯದನ್ನು ಕವಿತೆಯ ಕೆಳಗೆ ಹಾಕಿದಳು. ಕೇಳಿದೆ.

ಹಾಲ್‌ನಲ್ಲಿ ಅವಳು ಓದಿದಾಗ ಜನ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನ ಹಳೇ ಗಿರಾಕಿಯೊಬ್ಬರು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಅಪ್ಪ ಬಂದಿರಲಿಲ್ಲ, ಅಂಗಡಿ ಇತ್ತು. ಬಹುಮಾನದ ಕಪ್ಪು ಗೆದ್ದು ಮನೆಗೆ ಬಂದಾಗ ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಹಿಡಿಗೆ ಬೆಸುಗೆ ಸರಿಯಾಗಿ ಹಾಕಿದ್ದಾರಾ ಎಂದು ಉಗುರಲ್ಲಿ ಕೆರೆದು ನೋಡಿದ.

"ಚೆ... ಚೆ..."

"ಚೆನ್ನಾಗಿದೆ ಅಲ್ವಾಪ್ಪ?" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಈಗಷ್ಟೇ ಇದನ್ನೇ ತಪ್ಪೆಂದು ಓದಿ ಕಪ್ಪು ಗೆದ್ದು ಬಂದವಳು! ಅಪ್ಪ ಹೂಂ ಅಂದ. ಅವತ್ತು ಅವಳಿಗೆ ತನ್ನ ಮೇಲೆ ಹುಟ್ಟಿದ ಹೇಸಿಗೆ ಪೂರ್ತಿ ಹೋಗಲೇ ಇಲ್ಲ.

"ಏನು ಬರೆದೆ ಅಂತ ಕೇಳ್ತಿದಾರೆ ನಿಮ್ಮಪ್ಪ," ಅಂದಳು ಅಮ್ಮ, ಅಪ್ಪ ಇನ್ನೂ ಬಾಯಿ ತೆರೆಯುವ ಮೊದಲೇ.

"ಹೀಗೇ, ನಮ್ಮ ಬೀದಿ ಬಗ್ಗೆ," ಅಂದಳು ಮಗಳು.

ಮರುವರ್ಷ ನಿಯಮದಂತೆ ಕೆಲಸವೊಂದನ್ನು ಮಾಡಬೇಕಿತ್ತಲ್ಲ. ಅವಳು ಐವರು ಸ್ನೇಹಿತೆಯರನ್ನು ಕಟ್ಟಿಕೊಂಡು ಶಾಲೆಯ ಮುರುಕಲು ಡೆಸ್ಕುಗಳನ್ನು ಬೇಡಿ ತಂದಳು. ಬಡಗಿಯ ಕಾಲು ಹಿಡಿದು ಗರಗಸ ಹಿಡಿಯುವುದನ್ನು ಕಲಿತರು. ಇಬ್ಬರ ಹೆಬ್ಬೆರಳು ಸುತ್ತಿಗೆಗೆ ಬಲಿಯಾದವು. ಕೊನೆಗೆ ಅಪ್ಪನ ಅಂಗಡಿಯ ಮುಂದೆ ಉದ್ದನೆಯ ಬೆಂಚು ಒಂದು ಬಂತು. ನಿಂತ ಗಿರಾಕಿಗೆ ಅವಸರ ಜಾಸ್ತಿ. ಕೂತವನು ಮಾತು ಮುಗಿಯುವವರೆಗೆ ಕಾಯುತ್ತಾನೆ ಎಂಬುದು ಅವಳ ಲೆಕ್ಕ. ಅದು ಪೂರ್ತಿ ಸುಳ್ಳಾಗಲಿಲ್ಲ. ಬೆಂಚು ಬಂದ ಮೇಲೆ ಕೆಲವರಾದರೂ ಅಪ್ಪನ ಮಾತನ್ನು ಕೊನೆತನಕ ಕೇಳಿದರು. ಬೆಂಚು ಯಾಕೆ ಎಂದು ಅಪ್ಪ ಕೈಸನ್ನೆಯಲ್ಲಿ ಕೇಳಿದಾಗ, "ಸ್ಪರ್ಧೆಯೋರು ಎಲ್ಲಾ ಬೀದಿಗೂ ಕೊಡ್ತಿದಾರೆ," ಎಂದು ಇನ್ನೊಂದು ಸುಳ್ಳು ಪೋಣಿಸಿದಳು.

ಆಮೇಲೆ ಓದಿ ಹೇಳೋಣ ಎಂದುಕೊಂಡಳು. ಕೆಲಸ ಸಿಕ್ಕ ಮೇಲೆ, ಮದುವೆಯಾದ ಮೇಲೆ. ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು, ದಿನಾ ಸಂಜೆ ಅಪ್ಪನ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು, ಆದರೂ ಆಗಲಿಲ್ಲ. ಇಂಥವು ಒಂದು ವರ್ಷ ತಡವಾದರೆ ಎರಡರಷ್ಟು ಭಾರವಾಗುತ್ತವೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಗಳ ಮನೆಯಲ್ಲೇ ಇದ್ದಾನೆ; ಬೆಳಿಗ್ಗೆ ಹತ್ತಕ್ಕೆ ಅಂಗಡಿ, ಮೂರಕ್ಕೆ ವಾಪಸು. ಎಂಬತ್ತೊಂದಾದರೂ ಕೈ ನಡುಗುವುದಿಲ್ಲ. ಕಿವಿ ಮಾತ್ರ ಕೈಕೊಟ್ಟಿದೆ. ಹೋದ ವರ್ಷ ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯೂ ಇಳಿಯುತ್ತಿದೆ, ಹೆಚ್ಚು ಕಾಲ ಇಲ್ಲ ಎಂದರು ಡಾಕ್ಟರು. ಅಪ್ಪ ಈಗ ಬೀಗವನ್ನು ಎಡಗಿವಿಗೆ ಹಿಡಿಯುತ್ತಾನೆ. ಅದನ್ನು ಕಂಡಾಗಲೆಲ್ಲ ಸಹಿ ಅಕ್ಕನಿಗೆ ಆ ಎರಡು ಹಾಳೆ ನೆನಪಾಗುತ್ತವೆ. ಓದುವುದಾದರೆ ಈಗಲೇ ಓದಬೇಕು ಎಂದು ಅವಳಿಗೆ ಗೊತ್ತು.

ಗೊತ್ತಿದ್ದೂ ಈ ವರ್ಷದ ಸ್ಪರ್ಧೆ ಹತ್ತಿರ ಬಂತು. ಇನ್ನೆರಡು ದಿನ ಇದೆ ಅನ್ನುವಾಗ, ಬೆಳಿಗ್ಗೆ ಎಂಟಕ್ಕೇ, ಲೈಬ್ರರಿ ತೆರೆಯುತ್ತಿದ್ದಂತೆ, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕವಿತೆ ಹಿಡಿದು ಬಂದಳು. ಎರಡು ಜಡೆ, ಕೈ ತುಂಬ ಶಾಯಿ. ಕವಿತೆ ಅವಳ ಅಣ್ಣನ ಮೇಲೆ. ಅಣ್ಣ ದಿನಾ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಊಟದ ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೋಗುತ್ತಾನೆ. ಆಫೀಸು ಅವನನ್ನು ಕೈಬಿಟ್ಟು ಮೂರು ತಿಂಗಳಾಗಿದೆ. ತಂಗಿಗೆ ಗೊತ್ತು, ಆದರೆ ಅವಳಿಗೆ ಗೊತ್ತಿದೆ ಎಂದು ಅಣ್ಣನಿಗೆ ಗೊತ್ತಿಲ್ಲ. 'ಸಂಜೆ ಬಂದು ಸುಸ್ತಾಯಿತು ಅನ್ನುತ್ತಾನೆ, ಅದೊಂದು ಮಾತು ನಿಜ' ಎಂದು ಕೊನೆಯ ಸಾಲು.

ಸಹಿ ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ಕಿಟಕಿಯ ಪಕ್ಕದ ಮೂರನೇ ಮೇಜಿನಲ್ಲಿ ಮೂರು ತಿಂಗಳಿಂದ ದಿನಾ ಒಂಬತ್ತರ ಮೇಲೆ ಬಂದು ಕೂರುತ್ತಿದ್ದ ಹುಡುಗನನ್ನು ಅವಳು ಯಾವುದೋ ಪರೀಕ್ಷೆಗೆ ಓದುತ್ತಿದ್ದಾನೆ ಅಂದುಕೊಂಡಿದ್ದಳು. ಅವನು ಹಿಂದಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುವುದನ್ನೂ ನೋಡಿದ್ದಳು.

"ಎಲ್ಲಿ ಕೂತು ಓದಿದೆ?"

"ಮನೇಲಿ, ಅಕ್ಕ."

"ಅಣ್ಣನ ಕೈಲಿ ಏನಿತ್ತು ಆಗ?"

ಹುಡುಗಿ ಫ್ಯಾನು ನೋಡಿದಳು. "ಫೋನ್ ಇತ್ತು."

"ಕೇಳಿ ಏನಂದ?"

"ಚೆನ್ನಾಗಿದೆ ಅಂದ."

ಅಲ್ಲಿಗೆ ಗೊತ್ತಾಯಿತು. ತನ್ನ ಮೇಲಿನ ಕವಿತೆ ಕೇಳಿದ ಮನುಷ್ಯ ಚೆನ್ನಾಗಿದೆ ಅನ್ನುವುದಿಲ್ಲ. ನನ್ನ ಶರ್ಟು ಹಸಿರಲ್ಲ, ನೀಲಿ ಅನ್ನುತ್ತಾನೆ. ಇದನ್ನೆಲ್ಲ ಯಾಕೆ ಬರೆದೆ ಅನ್ನುತ್ತಾನೆ. ಇಲ್ಲ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಾನೆ.

"ಓದಿಲ್ಲ ಅಲ್ವಾ ಮರಿ?"

ಹುಡುಗಿಯ ಕಣ್ಣು ತುಂಬಿಕೊಂಡಿತು. "ಓದಿದ್ರೆ ನಂಗೆ ಗೊತ್ತು ಅಂತ ಅವನಿಗೆ ಗೊತ್ತಾಗುತ್ತಲ್ಲ ಅಕ್ಕ."

"ಹಾಲ್‌ನಲ್ಲಿ ಇನ್ನೂರು ಜನಕ್ಕೆ ಓದ್ತೀಯ, ಅವನೊಬ್ಬನಿಗೆ ಓದಕ್ಕಾಗಲ್ವಾ?"

"ಅವರ್ಯಾರೂ ನಮ್ಮನೇಲಿ ಊಟಕ್ಕೆ ಕೂರಲ್ಲ."

ಹುಡುಗಿ ಮೂಗು ಒರೆಸಿಕೊಂಡು ಕೇಳಿದಳು, "ನೀವು ಯಾರ ಬಗ್ಗೆ ಬರೆದಿದ್ರಿ ಅಕ್ಕ? ಅವರಿಗೆ ಓದುವಾಗ ನಿಮಗೆ ಹೆದರಿಕೆ ಆಗ್ಲಿಲ್ವಾ?"

ಹದಿನಾಲ್ಕು ಮಕ್ಕಳನ್ನು ವಾಪಸು ಕಳಿಸಿದಾಗ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ.

"ನಾಳೆ ಬಾ. ನಾಳೆ ಹೇಳ್ತೀನಿ," ಎಂದು ಕಳಿಸಿದಳು.

ಮಧ್ಯಾಹ್ನ ಓದುಗರು ಕಡಿಮೆಯಾದ ಮೇಲೆ ಸ್ಟೂಲು ಹತ್ತಿ, ಬೀರುವಿನ ಮೇಲಿದ್ದ ಮೊದಲ ವರ್ಷದ ಕಟ್ಟನ್ನು ಇಳಿಸಿದಳು. ಎಲ್ಲ ವರ್ಷದ ಕಟ್ಟುಗಳನ್ನೂ ಎಷ್ಟೋ ಸಲ ಬಿಚ್ಚಿ ಕಟ್ಟಿದವಳು ಅದೊಂದನ್ನು ಮುಟ್ಟಿರಲಿಲ್ಲ. ಐದು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡಾಗ ಅವರ ಮನೆಯವರು ಕೊಟ್ಟ ಒಂದಿಷ್ಟು ಕಾಗದಪತ್ರಗಳನ್ನೂ ನೋಡದೆ ಅದರ ಜೊತೆಗೇ ಬಿಗಿದಿಟ್ಟಿದ್ದಳು. ದಾರ ಬಿಚ್ಚಿದರೆ ಮೇಲೇ ಅವಳ ಕವಿತೆ. ಕೆಳಗೆ ಅಪ್ಪನ ಸಹಿ, ಅಂದರೆ ಅವಳದು. ಎಷ್ಟು ಮುತುವರ್ಜಿಯಿಂದ ಬರೆದಿದ್ದಳು! ಅಪ್ಪ ಒಮ್ಮೆಯೂ ಅಷ್ಟು ಚೆಂದ ಸಹಿ ಹಾಕಿದವನಲ್ಲ.

ಕವಿತೆಯ ಕೆಳಗೆ ಮೇಷ್ಟ್ರ ಒಂದು ಪುಟ್ಟ ನೋಟ್‌ಬುಕ್ಕು. ಅವಳು ಅದನ್ನು ಹಿಂದೆ ಕಂಡಿರಲಿಲ್ಲ. ಬಿಡಿಸಿ ಓದತೊಡಗಿದಳು. ಮೊದಲ ವರ್ಷ ಮೇಷ್ಟ್ರು ಯಾರಿಗೂ ಹೇಳದೆ, ಸಹಿ ಹಾಕಿದವರ ಮನೆಮನೆಗೂ ತಾವೇ ಹೋಗಿ ಬಂದಿದ್ದರು. ಒಬ್ಬೊಬ್ಬರ ಎದುರೂ ಎರಡೆರಡು ಸಾಲು. ಅವಳ ಹೆಸರಿನ ಎದುರು ಮಾತ್ರ ಅರ್ಧ ಪುಟ. ಆಟದ ಮೇಷ್ಟ್ರ ಅಗಲ ಅಕ್ಷರ:

'ಬೀಗದಂಗಡಿಗೆ ಹೋದೆ. ಸಹಿ ತೋರಿಸಿದೆ. ಬಹಳ ಹೊತ್ತು ನೋಡಿದರು. ನಂದೇ ಎಂದರು. ಹಾಗಾದರೆ ಕವಿತೆ ಕೇಳಿದ್ದೀರಿ ಎಂದೆ. ಇನ್ನೂ ಇಲ್ಲ, ಓದ್ತಾಳೆ ಎಂದರು. ಹಾಳೆ ಕೊಡಲು ಹೋದೆ, ಬೇಡವೆಂದು ಕೈ ಮಾಡಿದರು. ಅವಳೇ ಓದಲಿ ಎಂದರು. ಇಷ್ಟು ಹೇಳಲು ಅವರಿಗೆ ಸಮಯ ಬೇಕಾಯಿತು. ಕವಿತೆ ಓದಿಕೊಂಡೇ ಹೋಗಿದ್ದೆನಾದ್ದರಿಂದ ಕಾದೆ. ಹುಡುಗಿಯನ್ನು ಸ್ಪರ್ಧೆಗೆ ಸೇರಿಸಿಕೊಂಡಿದ್ದೇನೆ. ತಪ್ಪೋ ಸರಿಯೋ ಗೊತ್ತಿಲ್ಲ.'

ಸಹಿ ಅಕ್ಕ ಸ್ಟೂಲಿನ ಮೇಲೇ ಕೂತುಬಿಟ್ಟಳು. ಇನ್ನೂ ಇಲ್ಲ, ಓದ್ತಾಳೆ. ಅಪ್ಪನಿಗೆ ಗೊತ್ತಿತ್ತು. ಕಪ್ಪಿನ ಬೆಸುಗೆ ನೋಡಿದ ಆ ಸಂಜೆಯೂ ಗೊತ್ತಿತ್ತು. ಇಷ್ಟು ವರ್ಷ, ಮಗಳು ಬಂದು ಬೆಂಚಿನ ಮೇಲೆ ಕೂತಾಗಲೆಲ್ಲ ಇವತ್ತು ಓದಬಹುದು ಎಂದು ನೋಡುತ್ತಿದ್ದನೇನೋ. ಒಂದು ದಿನವೂ ಕೇಳಲಿಲ್ಲ. ಕೇಳಲು ಹೊರಟಿದ್ದರೂ ಅವಳು ನಡುವೆಯೇ ಬಾಯಿ ಹಾಕಿ ಬೇರೇನೋ ಮಾಡಿ ಮುಗಿಸಿರುತ್ತಿದ್ದಳು. ಮೂರನೇ ಮೇಜಿನ ಹುಡುಗ ತಲೆ ಎತ್ತಿ ನೋಡುವಷ್ಟು ಜೋರಾಗಿ ಅವಳಿಗೆ ಅಳು ಬಂತು.

ಹುಡುಗಿಯ ವಿಷಯ ಇಲ್ಲೇ ಹೇಳಿ ಮುಗಿಸಿಬಿಡೋಣ. ಮರುದಿನ ಬಂದವಳಿಗೆ ಸಹಿ ಅಕ್ಕ ಎಲ್ಲವನ್ನೂ ಹೇಳಿದಳು, ಸುಳ್ಳು ಸಹಿಯನ್ನೂ ತೋರಿಸಿದಳು. "ನಂಗೆ ಓದಕ್ಕೆ ಮೂವತ್ತಾರು ವರ್ಷ ಬೇಕಾಯ್ತು. ನಿಂಗೆ ಸಂಜೆ ತನಕ ಟೈಮಿದೆ," ಅಂದಳು. ಹುಡುಗಿ ಓದಿದಳು, ಲೈಬ್ರರಿಯ ಹಿಂದಿನ ಮೆಟ್ಟಿಲ ಮೇಲೆ. ಅಣ್ಣನ ಕೈಲಿ ಡಬ್ಬಿಯ ಮುಚ್ಚಳ ಇತ್ತು. ಅವನು "ಅಮ್ಮಂಗೂ ಗೊತ್ತಾ?" ಎಂದನಂತೆ. ಕಾಗದದ ಮೇಲೆ ಸಾರಿನ ಕಲೆಯ ಪಕ್ಕ ಸಹಿ ಬಂತು. ಅವಳಿಗೆ ಬಹುಮಾನವೇನೂ ಬರಲಿಲ್ಲ. ಆದರೆ ಮೂರನೇ ಮೇಜಿನ ಹುಡುಗ ಈಗ ಡಬ್ಬಿ ತರುವುದಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬಂದು, ಕೆಲಸದ ಜಾಹೀರಾತುಗಳಿಗೆ ಎಲ್ಲರ ಎದುರೇ ಅರ್ಜಿ ಬರೆಯುತ್ತಾನೆ.

ಇದೆಲ್ಲ ಆದದ್ದು ಮರುದಿನ. ಆ ಮಧ್ಯಾಹ್ನ ಸಹಿ ಅಕ್ಕ ಅರ್ಧ ದಿನ ರಜೆ ಬರೆದಿಟ್ಟು, ಕವಿತೆಯ ಎರಡು ಹಾಳೆ ಹಿಡಿದು ನೆಟ್ಟಗೆ ಬೀಗದಂಗಡಿಗೆ ನಡೆದಳು. ಬಿಸಿಲು ಬೆಂಚಿನ ಅರ್ಧಕ್ಕೆ ಬಂದಿತ್ತು. ಅಪ್ಪ ಒಂದು ಹಳೇ ಬೀಗ ಹಿಡಿದು ಕೂತಿದ್ದ. ಈ ಹೊತ್ತಿನಲ್ಲಿ ಮಗಳನ್ನು ಕಂಡು ಹುಬ್ಬೇರಿಸಿದ. ಆಮೇಲೆ ಅವಳ ಕೈಲಿದ್ದ ಕಾಗದ ನೋಡಿದ. ಬೀಗವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತ, ಎಡಗಿವಿ ಅವಳ ಕಡೆಗೆ ಬರುವ ಹಾಗೆ.

"ಅಪ್ಪಾ, ನಿನಗೊಂದು ಓದ್ಬೇಕಿತ್ತು," ಅಂದಳು. "ತಡ ಆಯ್ತು."

ಅಪ್ಪ ಕಣ್ಣು ಮುಚ್ಚಿ ತಲೆ ಒಂಚೂರು ವಾಲಿಸಿದ.

ಅವಳು ಜೋರಾಗಿ ಓದಿದಳು. ಜೋರಾಗಿ ಓದದಿದ್ದರೆ ಅವನಿಗೆ ಕೇಳಿಸುವುದಿಲ್ಲ, ಹಾಗೆ ಓದಿದರೆ ಬೀದಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ ಎಂದುಕೊಂಡಳು. ನಾಲ್ಕು ಬೀಗದ ಹೋಲಿಕೆಗಳನ್ನೂ ಬಿಡದೆ ಓದಿದಳು, ಅದರಲ್ಲೊಂದಕ್ಕೆ ಅಪ್ಪ ಮೂಗು ಮುರಿದ. ಆ ಜಾತಿಯ ಬೀಗ ಹಾಗೆ ತೆರೆಯುವುದಿಲ್ಲ. 'ನಾನೂ ಮುಗಿಸಿದ್ದೇನೆ ಎಷ್ಟೋ ಸಲ' ಎಂಬಲ್ಲಿ ಒಮ್ಮೆ ನಿಂತು, ಮುಂದೆ ಓದಿದಳು.

ಓದಿ ಮುಗಿದಾಗ ಅವಳ ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ಅಪ್ಪ ಕಣ್ಣು ತೆರೆದು ಅವಳನ್ನು ನೋಡಿದ.

"ಅ... ಅ..."

ಅಳಬೇಡ. ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಇನ್ನೇನು ಹೇಳುತ್ತಾನೆ ಅಪ್ಪ, ಅಳುವ ಮಗಳಿಗೆ? 'ಅಳಲ್ಲ ಬಿಡಪ್ಪ' ಎಂದು ಕಣ್ಣೊರೆಸಿಕೊಂಡರೆ ಮುಗಿಯಿತು, ಅವನಿಗೂ ಸಲೀಸು. ಅವಳು ಹಲ್ಲು ಕಚ್ಚಿಕೊಂಡಳು.

ಅಪ್ಪನ ಗಂಟಲ ನರ ಉಬ್ಬಿತು. ಎಡಗೈ ತೊಡೆಯ ಮೇಲೆ ತಾಳ ಹಾಕಿತು. ಅಷ್ಟರಲ್ಲಿ ಸೂಟ್‌ಕೇಸ್ ಹಿಡಿದ ಗಿರಾಕಿಯೊಬ್ಬ ಅವಸರದಿಂದ ಬಂದು, "ಅಜ್ಜಾ, ಇದರ ಕೀಲಿ" ಎಂದು ಶುರು ಮಾಡಿದ. ಸಹಿ ಅಕ್ಕ ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಅವನೂ ಏನೋ ಇದೆ ಎಂದು ತಿಳಿದು ಸೂಟ್‌ಕೇಸನ್ನು ತೊಡೆಯ ಮೇಲಿಟ್ಟುಕೊಂಡ. ಬಿಸಿಲು ಬೆಂಚಿನ ಮೇಲೆ ಇನ್ನೊಂದು ಹಲಗೆಯಷ್ಟು ಸರಿಯಿತು. ಅವಳು ಅಪ್ಪನ ಮುಖವನ್ನೇ ನೋಡುತ್ತ ಕಾದಳು.

"ಅ... ಅದಕ್ಕೇನಾ," ಅಂದ ಅಪ್ಪ. ತಾನು ಕೂತ ಹಲಗೆಯನ್ನು ಅಂಗೈಯಲ್ಲಿ ತಟ್ಟಿದ. "ಅದಕ್ಕೇನಾ ಬೆ... ಬೆಂಚು?"

"ಹೂಂ ಅಪ್ಪ."

ಅಪ್ಪ ಕೈ ಚಾಚಿದ. ಅವಳು ಕಾಗದ ಕೊಟ್ಟಳು. ಅವನು ಕಿವಿಯ ಹಿಂದಿನ ಪೆನ್ಸಿಲು ತೆಗೆದು ಸುಳ್ಳು ಸಹಿಯನ್ನು ಹೊಡೆದುಹಾಕದೆ, ಅದರ ಕೆಳಗೆ ಕೇಳಿದೆ ಎಂದು ನಿಧಾನವಾಗಿ ಬರೆದು, ತನ್ನ ಸೊಟ್ಟ ಸಹಿ ಹಾಕಿ, ಅವತ್ತಿನ ತಾರೀಖು ಬರೆದ.